ಅಕ್ಕಿಮೂಟೆಯ ಲಗೇಜ್ ಚಾರ್ಜು

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಡಿಗ್ರಿ ಮುಗಿಸಿದ ಮಗನಿಗೋ ಮಗಳಿಗೋ ಬೆಂಗಳೂರಿನಿಂದ ಕೆಲಸದ ಪತ್ರ ಬಂದಿರುತ್ತದೆ. ಕೈಗೆ ಸಿಗುವುದು ತಿಂಗಳಿಗೆ 25,000 ರೂಪಾಯಿ. ಅಷ್ಟರಲ್ಲಿ ಆಗುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಜಗಲಿಯಲ್ಲಿ ಕೂತ ಹಿರಿಯರ ಬಳಿ ಉತ್ತರ ಸಿದ್ಧವಾಗಿರುತ್ತದೆ: ನಾವು 600 ರೂಪಾಯಿ ಸಂಬಳದಲ್ಲಿ ಬದುಕಿದ್ದೇವೆ, ಅದರಲ್ಲೇ ಊರಿಗೂ ಮನಿಯಾರ್ಡರ್ ಮಾಡಿದ್ದೇವೆ, ನಿಮಗೆ ದುಡ್ಡಿನ ಬೆಲೆ ಗೊತ್ತಿಲ್ಲ. 1970ರ, 80ರ ದಶಕಗಳಲ್ಲಿ ಟ್ರಂಕು ಹೊತ್ತು ಮೆಜೆಸ್ಟಿಕ್‌ನಲ್ಲಿ ಇಳಿದವರ ಮಾತು ಇದು. ನಾನೂ ಅದೇ ತಲೆಮಾರಿನವನು, ಈ ಮಾತನ್ನು ಬಹಳ ವರ್ಷ ನಂಬಿದ್ದವನು. ಈಗ ನಂಬಿಕೆ ಉಳಿದಿಲ್ಲ. ಆಗಿನ ಬೆಂಗಳೂರು ಸೋವಿಯಾಗಿತ್ತು ಎನ್ನುವುದು ನಮ್ಮ ಜೇಬನ್ನು ಮಾತ್ರ ನೋಡಿ ಆಡುವ ಮಾತು. ನಮ್ಮ ಖರ್ಚಿನ ದೊಡ್ಡ ಪಾಲನ್ನು ಬೇರೆ ಯಾರೋ ಹೊತ್ತಿದ್ದರು. ಅವರ ಲೆಕ್ಕವನ್ನು ನಾವು ಬರೆದಿಡಲಿಲ್ಲ.

ಊರಿಂದ ಬಂದವನು ಆಗ ಮೊದಲು ಹೋಗುತ್ತಿದ್ದುದು ಶ್ರೀರಾಮಪುರದಲ್ಲೋ ಹನುಮಂತನಗರದಲ್ಲೋ ಇದ್ದ ಚಿಕ್ಕಪ್ಪನ ಮನೆಗೆ, ಇಲ್ಲವೇ ಸೋದರಮಾವನ ಮನೆಗೆ. ಅದೂ ಇಲ್ಲದಿದ್ದರೆ ಊರಿನ ಕಡೆಯವರೆಂದು ಯಾರೋ ಕೊಟ್ಟ ವಿಳಾಸಕ್ಕೆ. ಒಂದು ಕೋಣೆ, ಒಂದು ಅಡುಗೆಮನೆಯ ವಠಾರದಲ್ಲಿ ಆರು ಜನ ಮಲಗುವ ಕಡೆ ಏಳನೆಯ ಚಾಪೆ ಬಿಚ್ಚಿಕೊಳ್ಳುತ್ತಿತ್ತು. ಒಂದು ನಲ್ಲಿ, ಒಂದು ಕಕ್ಕಸು, ನಾಲ್ಕು ಸಂಸಾರ; ಅದರ ನಡುವೆ ಹೊಸಬನ ಆರು ತಿಂಗಳು, ಒಂದು ವರ್ಷ ಹೇಗೋ ಕಳೆಯುತ್ತಿತ್ತು. ಓದಲು ಬಂದವರಿಗೆ ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳಿದ್ದವು, ಮಠಗಳಿದ್ದವು. ಅವರಿಗಿಂತ ಹಿಂದಿನವರಿಗೆ ವಾರಾನ್ನವಿತ್ತು. ಕೆಲಸ ಸಿಕ್ಕಿ ನಾಲ್ಕು ಜನ ಸೇರಿ ರೂಮು ಮಾಡಿದ ಮೇಲೂ ಸೀಮೆಎಣ್ಣೆ ಸ್ಟೌ ಮೇಲೆ ಬೇಯುತ್ತಿದ್ದ ಅಕ್ಕಿ ಊರಿನದೇ. ಗೋಡೆಯ ಗೂಡಿನಲ್ಲಿದ್ದ ಡಬ್ಬಗಳ ಸಾರಿನಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಹಪ್ಪಳ ಎಲ್ಲವೂ ಊರಿನವು. ಹಬ್ಬಕ್ಕೆ ಹೋದವರು ಕೆಂಪು ಬಸ್ಸಿನ ಟಾಪಿನ ಮೇಲೆ ಮೂಟೆ ಹಾಕಿಸಿಕೊಂಡು ಬರುತ್ತಿದ್ದರು. ಜ್ವರ ಜಾಸ್ತಿಯಾದರೆ ಊರಿಗೆ ಹೋಗಿ ಮಲಗುವುದು, ಹೆರಿಗೆಗೆ ತವರಿಗೆ ಹೋಗುವುದು, ಮಗುವನ್ನು ಐದು ವರ್ಷ ತುಂಬುವ ತನಕ ಅಜ್ಜಿಯ ಹತ್ತಿರ ಬಿಡುವುದು. ಇಷ್ಟೆಲ್ಲ ಕಳೆದು ಉಳಿದದ್ದಕ್ಕೆ ಮಾತ್ರ ನಾವು ನಗರಕ್ಕೆ ದುಡ್ಡು ಕೊಡುತ್ತಿದ್ದೆವು. ಆ ಉಳಿದ ಚೂರನ್ನೇ ಜೀವನವೆಚ್ಚ ಎಂದು ಕರೆದೆವು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದು ಅಂಕಿಗಳ ಕಡೆಯಿಂದ ಬರುವಂಥದ್ದು. ತುಟ್ಟಿಭತ್ಯೆ ನಿಗದಿ ಮಾಡಲು ಬಳಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಿಂದ ಅಳೆದರೆ ಹಿರಿಯರೇ ಗೆಲ್ಲುವಂತೆ ಕಾಣುತ್ತದೆ. ಆ ಸೂಚ್ಯಂಕದಲ್ಲಿ 1982ರ ಸರಣಿಯಿಂದ 2001ರ ಸರಣಿಗೆ ದಾಟಿಸುವ ಗುಣಕ 4.63, 2001ರಿಂದ 2016ರ ಸರಣಿಗೆ 2.88. ಈ ಹೊಸ ಸರಣಿಯ ಸೂಚ್ಯಂಕ 2025ರ ನಡುವಿನಲ್ಲಿ 145ರ ಆಸುಪಾಸಿನಲ್ಲಿತ್ತು. ಗುಣಿಸಿ ನೋಡಿದರೆ 1982ರ ಒಂದು ರೂಪಾಯಿ 2025ರ ಸುಮಾರು 19 ರೂಪಾಯಿಗೆ ಸಮ. ಹಿರಿಯರ 600 ರೂಪಾಯಿ 2025ರ ಸುಮಾರು 11,600 ರೂಪಾಯಿ. ದೇಶದ ಸರಾಸರಿಯ ಈ ತಕ್ಕಡಿಯಲ್ಲಿ 25,000 ಸಂಬಳದ ಹುಡುಗಿ ಅವರ ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತಾಳೆ. ಹಾಗಿದ್ದೂ ಅವಳ ತಿಂಗಳು 20ನೇ ತಾರೀಖಿಗೇ ಮುಗಿಯುವುದೇಕೆ? ಸೋಮಾರಿತನ, ಶೋಕಿ ಎಂದು ಕೈತೊಳೆದುಕೊಳ್ಳುವ ಮೊದಲು ಈ ತಕ್ಕಡಿ ಏನನ್ನು ತೂಗುತ್ತದೆ ಎಂದು ಕೇಳಬೇಕು. ಪೇಟೆಯಲ್ಲಿ ಬೆಲೆ ಕಟ್ಟಿ ಮಾರುವುದನ್ನು ಅದು ತೂಗುತ್ತದೆ. ಚಿಕ್ಕಪ್ಪನ ಮನೆಯ ಏಳನೆಯ ಚಾಪೆಗೆ ರಸೀದಿ ಇರಲಿಲ್ಲ. ಇದೇ ಕಾರಣಕ್ಕೆ ಇನ್ನೊಂದು ಸಂಗತಿ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 2012ನ್ನು ಮೂಲವರ್ಷವಾಗಿ ಇಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರದ ಕುಟುಂಬದ ವಸತಿ ಖರ್ಚಿಗೆ ಶೇ. 21.67 ತೂಕ ಕೊಟ್ಟಿದ್ದರು. ಗ್ರಾಮೀಣ ಸೂಚ್ಯಂಕದಲ್ಲಿ ವಸತಿ ಎಂಬ ಬಾಬ್ತೇ ಇರಲಿಲ್ಲ. ಹಳ್ಳಿಯಿಂದ ನಗರಕ್ಕೆ ಬರುವುದೆಂದರೆ ತನ್ನ ಲೆಕ್ಕದಲ್ಲಿ ಇಲ್ಲದೇ ಇದ್ದ ಬಾಬ್ತಿನೊಳಗೆ ಕಾಲಿಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ನಮ್ಮ ಗಾದೆಯೂ ಹಾಸಿಗೆ ಸ್ವಂತದ್ದು ಎಂದೇ ಹೊರಡುತ್ತದೆ.

ಬೆಂಗಳೂರಿನಲ್ಲಿ ಹಾಸಿಗೆಗೆ ಮೊದಲು ಬಾಗಿಲಿನ ಬೆಲೆ ಕೊಡಬೇಕು. ಅದರ ಹೆಸರು ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವ ಪದ್ಧತಿ ಈ ನಗರದಲ್ಲಿ ಎಷ್ಟು ಬೇರೂರಿದೆಯೆಂದರೆ ಐದಾರು ತಿಂಗಳದ್ದು ಕೇಳುವ ಮಾಲೀಕರನ್ನು ಉದಾರಿಗಳೆಂದು ಹೊಗಳುತ್ತೇವೆ. 12,000 ರೂಪಾಯಿ ಬಾಡಿಗೆಯ ಸಣ್ಣ ಮನೆಯನ್ನೇ ತೆಗೆದುಕೊಳ್ಳಿ. ಅಡ್ವಾನ್ಸು 1,20,000, ಬ್ರೋಕರಿಗೆ ಒಂದು ತಿಂಗಳದ್ದು, ಮೊದಲ ತಿಂಗಳ ಬಾಡಿಗೆ. ಒಟ್ಟು 1,44,000 ರೂಪಾಯಿ ಕೈಬಿಟ್ಟ ಮೇಲೆ ಬೀಗದಕೈ. ಇದೆಲ್ಲ ಮೊದಲ ಸಂಬಳ ಬರುವುದಕ್ಕಿಂತ ಮುಂಚೆ. ಅಡ್ವಾನ್ಸು ಖರ್ಚಲ್ಲ, ಬಿಡುವಾಗ ವಾಪಸು ಬರುತ್ತದಲ್ಲ ಎಂದು ಹೇಳುವವರಿದ್ದಾರೆ. ಬರುತ್ತದೆ, ಬಣ್ಣ ಬಳಿಸಲಿಕ್ಕೆಂದು ಒಂದು ತಿಂಗಳದ್ದು ಹಿಡಿದುಕೊಂಡು ಬರುತ್ತದೆ. ಆದರೆ ಆ ದುಡ್ಡು ಎಲ್ಲಿಂದ ಬಂತು ಎನ್ನುವುದರ ಮೇಲೆ ಮನೆಯ ನಿಜವಾದ ಬಾಡಿಗೆ ನಿಲ್ಲುತ್ತದೆ. ಬ್ಯಾಂಕಿನ ಠೇವಣಿ ಮುರಿದು ಕೊಟ್ಟವನಿಗೆ ಶೇ. 6ರ ಬಡ್ಡಿ ಲೆಕ್ಕದಲ್ಲಿ ತಿಂಗಳಿಗೆ 600 ರೂಪಾಯಿ ನಷ್ಟ. ಅವನ ಮನೆಯ ಬಾಡಿಗೆ 12,600. ಊರಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದವನು ತಿಂಗಳಿಗೆ 2,400 ಕಟ್ಟುತ್ತಾನೆ. ಪಕ್ಕದ ಬಾಗಿಲಿನ, ಅಷ್ಟೇ ಅಗಲದ ಮನೆಗೆ ಅವನ ಬಾಡಿಗೆ 14,400. ಭಾವನ ಹತ್ತಿರ ಬಡ್ಡಿಯಿಲ್ಲದೆ ತಂದವನಿಗೆ ಬಾಡಿಗೆ 12,000, ಮೇಲೆ ಭಾವನ ಮುಂದೆ ತಗ್ಗಿಸಬೇಕಾದ ತಲೆ. ಬಡವನಾದಷ್ಟೂ ನಗರ ದುಬಾರಿ ಎನ್ನುವುದು ಭಾಷಣದ ಮಾತಿನಂತೆ ಕೇಳಿಸುತ್ತದೆ. ಇಲ್ಲಿ ಅದು ಕೂಡುವ ಕಳೆಯುವ ಲೆಕ್ಕ. ಮಾಲೀಕರಿಗೂ ಅವರ ಭಯವಿದೆ, ಬಾಡಿಗೆ ಕೊಡದೆ ಕೂತವರನ್ನು ಎಬ್ಬಿಸಲು ಕೋರ್ಟಿಗೆ ಅಲೆಯಬೇಕು ಎಂಬುದು ಸುಳ್ಳಲ್ಲ. ಆ ಭಯಕ್ಕೆ ಎರಡು ತಿಂಗಳ ಭದ್ರತೆ ಸಾಕು ಎಂದು 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಹನ್ನೊಂದು ತಿಂಗಳ ಕರಾರು ಪತ್ರದ ಲೋಕಕ್ಕೆ ಅದರ ಸದ್ದು ಇನ್ನೂ ಮುಟ್ಟಿಲ್ಲ.

ಸರಾಸರಿ ಎನ್ನುವುದು ಹೊಸಬರಿಗೆ ಮೋಸ ಮಾಡುವ ಇನ್ನೊಂದು ದಾರಿಯೂ ಇದೆ. ನಗರದ ಬಾಡಿಗೆಯ ಸರಾಸರಿಯಲ್ಲಿ ಹದಿನೈದು ವರ್ಷದಿಂದ ಒಂದೇ ಮನೆಯಲ್ಲಿದ್ದು ಮಾಲೀಕರಿಗೆ ಮನೆಯವರಂತೆ ಆದವರೂ ಇರುತ್ತಾರೆ, ಕ್ವಾರ್ಟರ್ಸಿನಲ್ಲಿ ಇರುವವರೂ ಇರುತ್ತಾರೆ. ಹೊಸದಾಗಿ ಬಂದವರಿಗೆ ಸಿಗುವುದು ಇವತ್ತು ಬೋರ್ಡು ತೂಗುಹಾಕಿದ ಮನೆ, ಅದು ಇವತ್ತಿನ ದರದ್ದು. ಕಾರ್ಮಿಕರ ಸೂಚ್ಯಂಕದಲ್ಲಿ ವಸತಿಯ ತೂಕ ಶೇ. 16.87, ಬಾಡಿಗೆಯ ದರವನ್ನು ಆರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತಾರೆ. 25,000 ಸಂಬಳದಲ್ಲಿ 12,000 ಬಾಡಿಗೆ ಕಟ್ಟುವವರ ಲೆಕ್ಕದಲ್ಲಿ ಅದೇ ತೂಕ ಶೇ. 48. ಅವರು ಆ ಮನೆ ಬಿಟ್ಟು ನಾಲ್ವರು ಹಂಚಿಕೊಳ್ಳುವ ಪಿ.ಜಿ. ಸೇರುವುದು ಈ ಲೆಕ್ಕದ ಸಹಜ ಕೊನೆ. ಕಾಗದದ ಮೇಲಿನ ಬೆಂಗಳೂರು ಎಷ್ಟು ಹಿಂದೆ ಉಳಿಯುತ್ತದೆ ಎನ್ನುವುದಕ್ಕೆ ತೆರಿಗೆಯ ನಿಯಮವನ್ನೂ ನೋಡಬಹುದು. 1962ರ ಆದಾಯ ತೆರಿಗೆ ನಿಯಮಗಳು ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಮುಂಬೈ, ಕೋಲ್ಕತ್ತ, ದೆಹಲಿ, ಚೆನ್ನೈಗಳಲ್ಲಿ ಸಂಬಳದ ಶೇ. 50ರ ಮಿತಿ ಇಟ್ಟವು, ಬೆಂಗಳೂರನ್ನು ಶೇ. 40ರ ಸಾಲಿಗೆ, ಅಂದರೆ ಉಳಿದೆಲ್ಲ ಊರುಗಳ ಜತೆಗೆ ಸೇರಿಸಿದವು. ಹೊರವರ್ತುಲ ರಸ್ತೆಯ ಇಕ್ಕೆಲದಲ್ಲಿ ಗಾಜಿನ ಕಟ್ಟಡಗಳು ಎದ್ದ ಎಷ್ಟೋ ವರ್ಷದ ನಂತರವೂ ಆ ನಿಯಮದ ಬೆಂಗಳೂರು ಪಿಂಚಣಿದಾರರ ಊರಾಗಿಯೇ ಉಳಿದಿತ್ತು.

ನೀರಿನ ವಿಷಯಕ್ಕೆ ಬಂದರೆ ಹಳೆಯ ನೆನಪು ಮತ್ತು ಹೊಸ ಬಿಲ್ಲಿನ ನಡುವಿನ ಅಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ಹೆಸರಘಟ್ಟದ ನೀರು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ ಬಂದ ಮೇಲೆ, 1974ರಲ್ಲಿ ಕಾವೇರಿ ಬಂತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಒಟ್ಟು 500 ಮೀಟರಿನಷ್ಟು ಎತ್ತರ ಹತ್ತುವ ನೀರು ಅದು. ಊರಿನ ಬಾವಿಯಿಂದ ಸೇದಿದ ನೀರಿಗೆ ರಟ್ಟೆಯ ಶ್ರಮವೇ ಬೆಲೆ. ಇಲ್ಲಿ ಪ್ರತಿ ಬಿಂದಿಗೆಯ ಹಿಂದೆ ಕರೆಂಟಿನ ಬಿಲ್ಲಿದೆ. ಆದರೂ ನಲ್ಲಿಯಲ್ಲಿ ಕಾವೇರಿ ಬರುವ ಮನೆ ಅಗ್ಗದ ಮನೆಯೇ. ಹೊಸದಾಗಿ ಬಂದವರಿಗೆ ಕೈಗೆಟುಕುವ ಬಾಡಿಗೆ ಸಿಗುವುದು ಅಂಚಿನಲ್ಲಿ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರು ಬಾಯಿಗೆ ಬಂದ ದರ ಹೇಳತೊಡಗಿದಾಗ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದು ಬೆಲೆ ಕಟ್ಟಬೇಕಾಯಿತು. ಬಾಡಿಗೆ ಕಡಿಮೆ ಎಂದು ದೂರ ಹೋದವರು ನೀರಿನಲ್ಲಿ, ಓಡಾಟದಲ್ಲಿ ಅದನ್ನು ತಿರುಗಿ ಕೊಡುತ್ತಾರೆ. 2025ರ ಜನವರಿಯಲ್ಲಿ ಬಸ್ಸಿನ ದರ ಶೇ. 15 ಏರಿತು, ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ದಿನಕ್ಕೆ ಮೂರು ತಾಸು ದಾರಿಯಲ್ಲಿ ಕಳೆದವರು ಮನೆಗೆ ಬಂದು ಒಲೆ ಹಚ್ಚುವುದಿಲ್ಲ, ಮೊಬೈಲಿನಲ್ಲಿ ಊಟ ತರಿಸುತ್ತಾರೆ. ಮೇಲಿನಿಂದ ನೋಡಿದರೆ ಅದು ಹೋಟೆಲಿನ ಖರ್ಚು. ಕೆಳಗೆ ನೋಡಿದರೆ ದೂರದ ಖರ್ಚು.

ಇಲ್ಲಿಗೆ ಹಿರಿಯರ ಎರಡನೆಯ ಆಕ್ಷೇಪ ಬರುತ್ತದೆ: ಈಗಿನವರ ಕೈ ಬಿಗಿಯಿಲ್ಲ, ಕಾಫಿಗೆ 200 ರೂಪಾಯಿ ಕೊಡುತ್ತಾರೆ. ಇದರಲ್ಲಿ ಹುರುಳಿಲ್ಲ ಎಂದರೆ ಪಕ್ಷಪಾತವಾದೀತು. ಸೂಚ್ಯಂಕ ತೋರಿಸುವ ಆ ಎರಡು ಪಟ್ಟಿನಲ್ಲಿ ಒಂದು ಭಾಗ ನಿಜವಾಗಿಯೂ ಮೊದಲಿಗಿಂತ ಹಸನಾದ ಬದುಕಿಗೆ ಹೋಗುತ್ತಿದೆ: ಸ್ವಂತ ಕಕ್ಕಸು, ಫ್ಯಾನು, ಒಳ್ಳೆಯ ಚಪ್ಪಲಿ, ದಿನಾ ಊರಿನೊಂದಿಗೆ ಮಾತು. ಹೋಗಲಿ, ಅದಕ್ಕೆ ತಾನೇ ದುಡಿಯುವುದು? ಆದರೆ ಕಾರ್ಮಿಕರ ಸೂಚ್ಯಂಕದ ತೂಕಗಳೇ ಇನ್ನೊಂದು ಕಥೆಯನ್ನೂ ಹೇಳುತ್ತವೆ. 2001ರ ಸರಣಿಯಲ್ಲಿ ಆಹಾರದ ತೂಕ ಶೇ. 46.20 ಇದ್ದದ್ದು 2016ರದರಲ್ಲಿ 39.17ಕ್ಕೆ ಇಳಿಯಿತು, ವೈದ್ಯ, ಶಿಕ್ಷಣ, ಓಡಾಟಗಳೆಲ್ಲ ಬರುವ ಇತರೆ ಎಂಬ ಬಾಬ್ತು 23.26ರಿಂದ 30.31ಕ್ಕೆ ಏರಿತು. ಹೊಟ್ಟೆಗಿಂತ ಆಚೆಗೆ ಖರ್ಚು ಮಾಡುವ ಶಕ್ತಿ ಬಂತು ಎಂದು ಇದನ್ನು ಓದುವುದು ವಾಡಿಕೆ. ನಾನು ಅದನ್ನು ಒಪ್ಪುತ್ತೇನೆ, ಜತೆಗೆ ಇನ್ನೊಂದು ಬಗೆಯಲ್ಲೂ ಓದುತ್ತೇನೆ: ಅಜ್ಜಿ, ಚಿಕ್ಕಮ್ಮ, ಊರಿನ ಡಾಕ್ಟರು, ನಡೆದು ಹೋಗುವಷ್ಟು ಹತ್ತಿರದ ಶಾಲೆ ಮಾಡುತ್ತಿದ್ದ ಕೆಲಸವೆಲ್ಲ ಇತರೆಯೊಳಕ್ಕೆ ಸೇರಿತು, ಪ್ರತಿಯೊಂದಕ್ಕೂ ಚೀಟಿ ಅಂಟಿಕೊಂಡಿತು. ಶಿಶುವಿಹಾರದ ತಿಂಗಳ ಫೀಸು ಎಂದರೆ ಅಜ್ಜಿಯ ಬೆಲೆ ಮೊದಲ ಬಾರಿಗೆ ಗೊತ್ತಾದದ್ದು.

ಹೀಗೆ ಬರೆಯುತ್ತಾ ಹೋದರೆ ಹಳೆಯ ಕಾಲದ ನಂಟನ್ನು ಕೊಂಡಾಡಿದಂತೆ ಕೇಳಿಸಬಹುದು. ಅದು ನನ್ನ ಉದ್ದೇಶವಲ್ಲ. ಕೊಂಡಾಡುವಷ್ಟು ಅದು ಚೆನ್ನಾಗಿಯೂ ಇರಲಿಲ್ಲ. ಏಳನೆಯ ಚಾಪೆಯ ಊಟವನ್ನು ಬೇಯಿಸುತ್ತಿದ್ದವರು ಚಿಕ್ಕಮ್ಮಂದಿರು. ಅವರನ್ನು ಯಾರೂ ಕೇಳಿರಲಿಲ್ಲ. ಬಂದ ಹುಡುಗನೂ ಪುಕ್ಕಟೆಯಾಗಿ ಇರುತ್ತಿರಲಿಲ್ಲ: ರೇಷನ್ ಸಾಲಿನಲ್ಲಿ ನಿಲ್ಲುವುದು, ಮಕ್ಕಳಿಗೆ ಪಾಠ ಹೇಳುವುದು, ತಟ್ಟೆಗೆ ಬಿದ್ದ ಎರಡನೆಯ ತುತ್ತಿನ ಜತೆ ಬಿದ್ದ ಮಾತನ್ನು ನುಂಗುವುದು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಈ ಸೋವಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಗುಮಾಸ್ತನಾದ ಚಿಕ್ಕಪ್ಪ ಇರಬೇಕಾದರೆ ಹಿಂದಿನ ತಲೆಮಾರಿನಲ್ಲೇ ಒಬ್ಬ ಓದಿರಬೇಕು. ಯಾವ ಜಾತಿಗಳ ಮನೆಯಲ್ಲಿ ಆಗ ಓದಿದ ಚಿಕ್ಕಪ್ಪಂದಿರಿದ್ದರು ಎಂದು ಬಿಡಿಸಿ ಹೇಳಬೇಕಿಲ್ಲ. ವಾರಾನ್ನದ ತಟ್ಟೆಗೆ ಜಾತಿಯಿತ್ತು, ಸಮುದಾಯದ ಹಾಸ್ಟೆಲಿನ ಹೆಸರಿನಲ್ಲೇ ಜಾತಿಯಿತ್ತು, ವಠಾರದ ಮಾಲೀಕರು ಬಾಡಿಗೆಗಿಂತ ಮೊದಲು ಕೇಳುತ್ತಿದ್ದುದು ಯಾವ ಜನ ಎಂದು. ದಲಿತ ಹುಡುಗನಿಗೆ ಇದ್ದ ಬಾಗಿಲೆಂದರೆ ಸರ್ಕಾರಿ ಹಾಸ್ಟೆಲು, ಅಲ್ಲಿ ಸೀಟು ಸಿಗದಿದ್ದರೆ ಊರಿನ ಬಸ್ಸು. ಒಂಟಿ ಹೆಣ್ಣುಮಗಳಿಗಂತೂ ಬಂಧುಗಳ ಮನೆ ಬಿಟ್ಟರೆ ಜಾಗವೇ ವಿರಳ. ಬಂಧುಗಳ ಮನೆಯೆಂದರೆ ಸಂಜೆ ಆರಕ್ಕೆ ಒಳಗಿರಬೇಕು. ಈಗ ಪಿ.ಜಿ.ಗೆ ತಿಂಗಳಿಗಿಷ್ಟು ಎಂದು ಎಣಿಸಿ ಕೊಡುವ ಹುಡುಗಿ ಚಿಕ್ಕಪ್ಪನ ಅಪ್ಪಣೆಯಿಂದ ಬಿಡುಗಡೆಯನ್ನೂ ಅದೇ ದುಡ್ಡಿನಲ್ಲಿ ಕೊಳ್ಳುತ್ತಿದ್ದಾಳೆ. ಆ ಬಾಬ್ತು ನಮ್ಮ ಕಾಲದಲ್ಲಿ ಮಾರಾಟಕ್ಕೇ ಇರಲಿಲ್ಲ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡುಗಳು ಇನ್ನೂ ಇವೆ ಎನ್ನುವುದು ಬೇರೆ ಮಾತು. ದುಡ್ಡು ಎಲ್ಲ ಬಾಗಿಲನ್ನೂ ತೆರೆಯುವುದಿಲ್ಲ.

ಸರ್ಕಾರವೂ ಚಿಕ್ಕಪ್ಪನ ಕೆಲಸವನ್ನು ಚೂರುಚೂರಾಗಿ ಮಾಡುತ್ತಾ ಬಂದಿದೆ. ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಬೆಳೆದವು. ಹಾಸ್ಟೆಲ್ ಸೀಟು ಸಿಗದವರಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ 2013ರ ಹೊತ್ತಿಗೆ ಬಂತು. 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಬಡಿಸತೊಡಗಿತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಒಂದೇ ಮನೆಯ ಅಕ್ಕ ತಮ್ಮ ಒಂದೇ ಕಚೇರಿಗೆ ಹೊರಟರೆ ಇಬ್ಬರ ಬೆಂಗಳೂರಿಗೂ ಬೇರೆ ಬೇರೆ ಬೆಲೆ. ಇವೆಲ್ಲ ದಿನದ ಖರ್ಚನ್ನು ತಗ್ಗಿಸಿವೆ, ಕ್ಯಾಂಟೀನು, ಬಸ್ಸುಗಳಂತೂ ಜಾತಿ ಕೇಳದೆ ತಗ್ಗಿಸಿವೆ. ಆದರೆ ಯಾವುದೂ ಬಾಗಿಲ ಬೆಲೆಯನ್ನು ಮುಟ್ಟಿಲ್ಲ. ತಟ್ಟೆಗೆ ಸಬ್ಸಿಡಿ ಇದೆ, ಬೀಗದಕೈಗೆ ಇಲ್ಲ. ರಾಯಚೂರು, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿ ಇರುವುದಕ್ಕೆ ಬಾಡಿಗೆ ಕೊಡಲಾಗದಿರುವುದು ಒಂದೇ ಕಾರಣವಲ್ಲ. ಅಡ್ವಾನ್ಸು ಎಂಬ ಇಡುಗಂಟು ಅವರ ಕೈಯಲ್ಲಿ ಒಮ್ಮೆಗೇ ಎಂದೂ ಕೂಡುವುದಿಲ್ಲ.

ಹಾಗಾದರೆ 25,000 ರೂಪಾಯಿಯಲ್ಲಿ ಆಗುತ್ತದೆಯೇ? ಕೇಳಿದ ಮಕ್ಕಳಿಗೆ ಅಕ್ಕಿ, ಹಾಲು, ಬಸ್ಸುಗಳ ದರಪಟ್ಟಿ ಕೊಡುವುದರಿಂದ ಪ್ರಯೋಜನ ಕಡಿಮೆ; ಅದು ಅವರ ಮೊಬೈಲಿನಲ್ಲೇ ಇದೆ. ಅವರು ತಿಳಿಯಬೇಕಾದದ್ದು ಮೊದಲ ಮೂರು ತಿಂಗಳು ಯಾರ ದುಡ್ಡಿನಲ್ಲಿ, ಎಷ್ಟು ಬಡ್ಡಿಗೆ ನಡೆಯುತ್ತದೆ ಎಂದು. ಬಾಡಿಗೆಯ ಜತೆಗೆ ನಲ್ಲಿಯಲ್ಲಿ ಬರುವುದು ಕಾವೇರಿಯೋ ಟ್ಯಾಂಕರೋ ಎಂದು. ಕಾಯಿಲೆ ಬಿದ್ದ ವಾರ ಗಂಜಿ ಕಾಯಿಸುವವರು ಯಾರು ಎಂದು. ಈ ಪ್ರಶ್ನೆಗಳು ನಮಗೆ ಹೊಳೆಯಲೇ ಇಲ್ಲ, ಉತ್ತರಗಳು ನಮಗಿಂತ ಮೊದಲೇ ಬೆಂಗಳೂರು ತಲುಪಿದ್ದವು. ಆ ಕಾಲದವರು ಖರ್ಚು ಬರೆದಿಡುವುದರಲ್ಲಿ ಬಹಳ ಶಿಸ್ತಿನವರು; ಎಲ್‌ಐಸಿ ಡೈರಿಗಳಲ್ಲಿ ಕ್ಷೌರ, ಬೆಂಕಿಪೊಟ್ಟಣ, ಮಾರ್ಕೆಟ್ಟಿನ ಬಸ್ ಚಾರ್ಜು ಎಲ್ಲ ಪೈಸೆ ಸಮೇತ ಇರುತ್ತಿತ್ತು. ಅಟ್ಟದ ಮೇಲೆ ಅಂಥ ಡೈರಿ ಉಳಿದಿದ್ದವರು ಇಳಿಸಿ, ಹಬ್ಬ ಮುಗಿಸಿ ಬಂದ ಮಾರನೆಯ ದಿನದ ಪುಟ ನೋಡಬಹುದು. ಅಪ್ಪ ಬೆಳೆದ, ಅಮ್ಮ ಹಸನು ಮಾಡಿ ಕಟ್ಟಿಕೊಟ್ಟ ಅಕ್ಕಿಮೂಟೆಯ ಮುಂದೆ ಅಲ್ಲಿ ಬರೆದಿರುವುದು ಕಂಡಕ್ಟರಿಗೆ ಕೊಟ್ಟ ಲಗೇಜ್ ಚಾರ್ಜು.